ಟೊಪ್ಪಿಯೋ ಹೆಲ್ಮೆಟ್ಟೋ

ಆ ದಿನದ ರಾದ್ಧಾಂತ ಶುರುವಾದದ್ದು "ಹೌದು" ಎಂಬ ಒಂದೇ ಮಾತಿನಿಂದ.

ಬೆಳಿಗ್ಗೆ ಕನ್ನಡಕದಂಗಡಿಯವನು ಬಾಗಿಲೆತ್ತಿ, ಗಾಜು ಒರೆಸುತ್ತ, ಎದುರಿನ ಔಷಧಿ ಅಂಗಡಿಗೆ ಕೇಳಿಸುವಂತೆ, "ಯಾರು ಏನೇ ಹೇಳ್ಲಿ, ಟೊಪ್ಪಿಯ ಮುಂದೆ ಯಾರೂ ನಿಲ್ಲಲ್ಲ" ಎಂದ. ಕಾಲು ಕೆರೆದೇ ಹೇಳಿದ ಮಾತು.

"ಹೌದು ಬಿಡಿ. ಅವನೇ ದೊಡ್ಡವನು" ಎಂದ ಔಷಧಿಯವನು.

ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟು ಮುಗ್ಗರಿಸಿದವನಂತೆ ಕನ್ನಡಕದವನು ನಿಂತುಬಿಟ್ಟ.

ಟೊಪ್ಪಿ ಎಂದರೆ ಹಳೆಯ ಕಾಲದ ಬ್ಯಾಟ್ಸ್‌ಮನ್. ತಲೆಗೆ ಬರೀ ಬಟ್ಟೆಯ ಟೊಪ್ಪಿಯಿಟ್ಟುಕೊಂಡು, ಮಳೆಯಲ್ಲಿ ನೆನೆದ ಪಿಚ್ಚಿನ ಮೇಲೆ, ಕಿವಿ ಸವರಿಕೊಂಡು ಹೋಗುವ ಚೆಂಡುಗಳನ್ನು ಎದುರಿಸಿದವನು. ಹೆಲ್ಮೆಟ್ ಎಂದರೆ ಅವನ ನಂತರ ಬಂದು, ಅವನ ದಾಖಲೆಗಳನ್ನೆಲ್ಲ ಒಂದೊಂದಾಗಿ ಮುರಿದವನು. ಇಬ್ಬರಲ್ಲಿ ಯಾರು ದೊಡ್ಡವರೆಂದು ಟೊಪ್ಪಿಯ ಕಡೆಯ ಕನ್ನಡಕದವನೂ ಹೆಲ್ಮೆಟ್ಟಿನ ಕಡೆಯ ಪಕ್ಕದಂಗಡಿಯ ದರ್ಜಿಯೂ ತಲೆಗೂದಲು ಕಪ್ಪಿದ್ದಾಗಿನಿಂದ ಕಿತ್ತಾಡಿದ್ದರು. ಸಂಜೆಯಾದರೆ ದರ್ಜಿ ಬಂದು ಕಣ್ಣುಪರೀಕ್ಷೆಯ ಕುರ್ಚಿಯಲ್ಲಿ, ಅಕ್ಷರದ ಹಲಗೆಗೆ ಮುಖಮಾಡಿ, ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂರುತ್ತಿದ್ದ.

"ಆ ಕಾಲದ ಪಿಚ್ಚು ಬೇರೆ, ಬೌಲರುಗಳು ಬೇರೆ. ಹೋಲಿಸೋದು ಹೇಗಯ್ಯಾ?"

"ಹೋಲಿಸೋದೇ ನಿನ್ನ ಕಸುಬಲ್ವೇನಯ್ಯಾ? ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸಿ, ಇದಾ, ಅದಾ ಅಂತ ಕೇಳ್ತಾ ಕೂತಿರ್ತೀಯ!"

ವರ್ಷಕ್ಕೊಮ್ಮೆ ಕನ್ನಡಕದವನು ಅವನ ಕಣ್ಣನ್ನೂ ಪರೀಕ್ಷಿಸುತ್ತಿದ್ದ. ಗಾಜು ಹಾಕುವ ಮೊದಲೇ ದರ್ಜಿ ಹಲಗೆಯ ಕೊನೆಯ ಸಾಲಿನವರೆಗೂ ಗಡಗಡ ಓದಿ, "ಹದ್ದಿನ ಕಣ್ಣಯ್ಯಾ ನಂದು" ಎಂದು ಎದ್ದುಬಿಡುತ್ತಿದ್ದ.

ಆ ದರ್ಜಿ ತೀರಿಹೋಗಿ ಒಂದು ತಿಂಗಳಾಗಿತ್ತು. ಸಂಜೆಗಳು ಈಗ ಗುಂಡಿ ಕಿತ್ತುಹೋದ ಅಂಗಿಯ ಹಾಗೆ ತೆರೆದುಕೊಂಡು ಬಿದ್ದಿರುತ್ತಿದ್ದವು. ಯಾರಾದರೂ ಒಬ್ಬರು "ಇಲ್ಲ, ನೀನು ಹೇಳೋದು ಶುದ್ಧ ತಪ್ಪು" ಎಂದರೆ ಸಾಕೆಂದು ಕನ್ನಡಕದವನ ಜೀವ ಹಂಬಲಿಸುತ್ತಿತ್ತು.

ಬೇಕರಿಯವನನ್ನು ಕೆಣಕಿ ನೋಡಿದ. "ನೀವು ಹೇಳಿದ ಮೇಲೆ ಮುಗೀತು ಸಾರ್" ಎಂದ ಬೇಕರಿಯವನು ಒಂದು ಬನ್ನನ್ನೂ ಕೈಗಿಟ್ಟ. ಮಧ್ಯಾಹ್ನ ಊಟಕ್ಕೆ ಹೋದಾಗ ಹೆಂಡತಿಯ ಮುಂದೆಯೂ ಟೊಪ್ಪಿಯ ಮಾತೆತ್ತಿದ.

"ನೀವು ಹೇಳಿದ್ದೇ ಸರಿ ಕಣ್ರೀ."

ಮದುವೆಯಾದಂದಿನಿಂದ ಆ ಬಾಯಿಂದ ಕೇಳದ ಮಾತು. ತನಗೇ ಯಾವುದೋ ಕೆಟ್ಟ ಕಾಯಿಲೆ ಬಂದಿದೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಎಂದುಕೊಂಡು ಅವನು ತಟ್ಟೆ ಬದಿಗೆ ಸರಿಸಿದ.

"ನಿಜ ಹೇಳೇ, ನನಗೇನಾಗಿದೆ?"

"ಏನೂ ಆಗಿಲ್ಲ. ನೀವು ಕುಗ್ಗಿಹೋಗಿದ್ದೀರಿ, ಯಾರೂ ಎದುರು ಮಾತಾಡ್ಬೇಡಿ ಅಂತ ಔಷಧಿಯವರು ಬೀದಿಗೆಲ್ಲ ಹೇಳಿದ್ದಾರೆ."

ಅಂಗಡಿಗೆ ಮರಳಿದವನ ತಲೆ ಕಾದ ಹೆಂಚಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿಯಲ್ಲಿ ಕಾಯುತ್ತಿದ್ದರು. ಗಾಜು ಬದಲಾಯಿಸುತ್ತ ಅವನು ಕೇಳಿದ: "ಈಗ ಹೇಳಿ. ಟೊಪ್ಪಿನಾ, ಹೆಲ್ಮೆಟ್ಟಾ?"

"ಎರಡೂ ಒಂದೇ ಥರ ಕಾಣ್ತಿದೆಯಪ್ಪ" ಎಂದರು ಮೇಷ್ಟ್ರು.

"ಒಂದೇ ಥರ ಅಂದ್ರೇನ್ರೀ? ಒಂದು ಕಡೆ ನಿಲ್ಲಿ!"

ಮೇಷ್ಟ್ರು ಗಾಬರಿಯಿಂದ ಎದ್ದು, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟುಕೊಂಡೇ ಬೀದಿಗಿಳಿದು, ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರವನ್ನು ಅಪ್ಪಿಕೊಂಡರು. ಹಿಂದೆಯೇ ಓಡಿಬಂದ ಕನ್ನಡಕದವನಿಗೆ ಅಲ್ಲೇ ಕೊನೆಯ ಉಪಾಯ ಹೊಳೆಯಿತು. ಎದೆಯ ಮೇಲೆ ಕಲ್ಲಿಟ್ಟುಕೊಂಡು ನಡುಬೀದಿಯಲ್ಲಿ ಕೂಗಿದ: "ಕೇಳ್ರಪ್ಪಾ! ಹೆಲ್ಮೆಟ್ಟೇ ದೊಡ್ಡವನು!"

ಬೇಕರಿಯವನು ಔಷಧಿಯವನ ಮುಖ ನೋಡಿದ; ಔಷಧಿಯವನು ತಲೆಯಾಡಿಸಿದ.

"ಹೌದು ಸಾರ್, ಹೆಲ್ಮೆಟ್ಟೇ" ಎಂದ ಬೇಕರಿಯವನು.

"ಅದೂ ಸರೀನೇ" ಎಂದ ಔಷಧಿಯವನು, ಮೆಲ್ಲಗೆ ಅವನ ತೋಳು ಹಿಡಿದು ಕೂರಿಸಿ, ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದ.

ದರ್ಜಿಯ ಹೆಂಡತಿ ಬಂದದ್ದು ಸಂಜೆ. ಗಂಡನ ಅಂಗಡಿ ಖಾಲಿ ಮಾಡಿ, ಮಾಲೀಕರು ಬಂದಾಗ ಕೊಡಲೆಂದು ಬೀಗದ ಕೈಯನ್ನು ಇವನ ಬಳಿ ಬಿಟ್ಟುಹೋಗಲು ಬಂದಿದ್ದಳು.

"ನೀನಾದ್ರೂ ಹೇಳು ತಂಗೀ" ಎಂದ ಕನ್ನಡಕದವನು. "ಅವನಾಗಿದ್ರೆ ಇವತ್ತು ನನ್ನ ಚರ್ಮ ಸುಲೀತಿದ್ದ. ಹೆಲ್ಮೆಟ್ಟಿನ ಒಂದೊಂದು ಹೊಡೆತವನ್ನೂ ಎಷ್ಟು ಚೆನ್ನಾಗಿ ನೋಡಿ ಬಂದು ಹೇಳ್ತಿದ್ದ!"

ಅವಳು ತಲೆ ತಗ್ಗಿಸಿದಳು. "ಅವರೆಲ್ಲಿ ನೋಡ್ತಿದ್ರು ಅಣ್ಣಾ? ಹತ್ತಿರದ ಹೊಲಿಗೆ ಹೇಗೋ ಕಾಣ್ತಿತ್ತು. ದೂರದ್ದೆಲ್ಲ ಮಂಜು. ಕನ್ನಡಕಕ್ಕೆ ಸರಿಹೋಗೋದಲ್ಲ ಅಂದಿದ್ರು ಆಸ್ಪತ್ರೆಯಲ್ಲಿ. ಟಿವಿ ನೋಡಿ ಒಂದೊಂದು ಚೆಂಡೂ ಹೇಳ್ತಿದ್ದವಳು ನಾನು."

ಕನ್ನಡಕದವನು ಅಕ್ಷರದ ಹಲಗೆಯತ್ತ ತಿರುಗಿದ. ಎಷ್ಟೋ ವರ್ಷ ಅದೇ ಕುರ್ಚಿ, ಅದೇ ಹಲಗೆ. ಕಣ್ಣು ಚೆನ್ನಾಗಿದ್ದಾಗಲೇ ಬಾಯಿಪಾಠ ಆಗಿರಬೇಕು.

"ನನಗ್ಯಾಕೆ ಹೇಳಲಿಲ್ಲ?"

"ಗೊತ್ತಾದ್ರೆ ಅಯ್ಯೋ ಪಾಪ ಅಂತ ಎಲ್ಲದಕ್ಕೂ ಹೌದು ಅಂದ್ಬಿಡ್ತಾನೆ, ಆಮೇಲೆ ಅಲ್ಲಿಗೆ ಹೋಗಿ ಏನು ಮಾಡ್ಲಿ ಅಂತಿದ್ರು."

ಅವನು ಅಂಗೈಯಿಂದ ಹಲಗೆಯ ಧೂಳು ಒರೆಸಿದ. ಆಮೇಲೆ ಕನ್ನಡಕದವನ ಒದ್ದೆ ಮುಖದಲ್ಲಿ ಏನೋ ಹೊತ್ತಿಕೊಂಡಿತು.

"ಅಂದ್ರೆ, ಇಷ್ಟು ವರ್ಷ ನನ್ನ ಜೊತೆ ವಾದ ಮಾಡಿದ್ದು ನೀನು! ಕೂತ್ಕೋ ತಂಗೀ. ಈ ಕುರ್ಚೀಲೇ ಕೂತ್ಕೋ. ಹೇಳು, ಯಾರು ದೊಡ್ಡವನು?"

ಅವಳು ಕುರ್ಚಿಯ ತೋಳನ್ನೊಮ್ಮೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಕೇಳಿದ್ರೆ ಮೊದಲಿಂದ್ಲೂ ನಿಮ್ಮ ಟೊಪ್ಪಿನೇ ಅಣ್ಣಾ. ಅವರಿಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವಳು ಹೊರಟುಹೋದಳು.

ಕನ್ನಡಕದವನು ಹಲಗೆಯ ದೀಪ ಹಾಕಿದ. ಖಾಲಿ ಕುರ್ಚಿಯ ಮುಂದೆ ನಿಂತು, ಬೆರಳು ಝಾಡಿಸಿ, ಗಂಟಲು ಬಿರಿಯುವಂತೆ ಅಂದ: "ಆ ಹೆಲ್ಮೆಟ್ ಒಂದು ಇಲ್ದಿದ್ರೆ ನಿನ್ನವನು ಮೊದಲ ಚೆಂಡಿಗೇ ಮೈದಾನ ಬಿಟ್ಟು ಓಡ್ತಿದ್ದ ಕಣಯ್ಯಾ!"

ಉತ್ತರಕ್ಕಾಗಿ ಕಾದ.

"ಖಂಡಿತ ಓಡ್ತಿದ್ದ" ಎಂದ ಔಷಧಿಯವನು, ಬಾಗಿಲಲ್ಲಿ ನಿಂತು.