ಅವಲಕ್ಕಿ ಡಬ್ಬಿಯ ಕೆಂಪು ದೀಪ

ಕೆಟ್ಟು ನಿಂತ ಯಾವ ವಸ್ತುವನ್ನೇ ಆಗಲಿ, ನೋಡಿದ ಕೂಡಲೇ ಅದರ ರೋಗ ಹೇಳಬಲ್ಲ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಯಾರ ಮಿಕ್ಸರ್ ನಿಂತರೂ ಕರೆಯದೆಯೇ ಹೋಗುತ್ತಿದ್ದೆ. ನಾನು ಹೋಗಿ ಬಂದ ಮೇಲೆ ಅವರು ಹೊಸ ಮಿಕ್ಸರ್ ತರುತ್ತಿದ್ದರು ಎಂಬುದು ಬೇರೆ ಮಾತು.

ಹೊಟ್ಟೆಪಾಡಿಗೆ ನಾನು ರೈಲ್ವೆಯ ಸಿಗ್ನಲ್ ಇನ್ಸ್‌ಪೆಕ್ಟರ್. ಹುಬ್ಬಳ್ಳಿ ಸಮೀಪದ ಒಂದು ಸಣ್ಣ ಸ್ಟೇಷನ್ನಿನ ಪಾಯಿಂಟುಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಪಾಯಿಂಟ್ ಎಂದರೆ ರೈಲು ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ. ಅಲ್ಲಿ ಒಂದು ಮೋಟರು ಇರುತ್ತದೆ. ಅದು ಚೂಪು ಹಳಿಯನ್ನು ಸರಿಸಿ ಪಕ್ಕದ ಹಳಿಗೆ ಒತ್ತಿ ಕೂರಿಸಬೇಕು. ಕೂರದಿದ್ದರೆ ಸಿಗ್ನಲ್ ಹಸಿರಾಗುವುದಿಲ್ಲ, ರೈಲು ನಿಲ್ಲುತ್ತದೆ, ಎಲ್ಲರೂ ನನ್ನ ಹೆಸರು ಹಿಡಿದು ಕೂಗುತ್ತಾರೆ.

ಆ ಮೋಟರುಗಳ ವೈದ್ಯರು ನಮ್ಮ ಖಲಾಸಿ ಈರಪ್ಪ ಕಾಕಾ. ಶಿರಗುಪ್ಪಿಯವರು. ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿ ಮೇಲಿನ ಟಾವೆಲ್ಲು ಸರಿಸಿ, ಮೋಟರು ತಿರುಗುವ ಸಪ್ಪಳ ಕೇಳಿ, "ಗ್ರೀಸ್ ಒಣಗೇತ್ರಿ" ಎನ್ನುತ್ತಿದ್ದರು. ತೆಗೆದು ನೋಡಿದರೆ ಒಣಗಿರುತ್ತಿತ್ತು! ಆದರೆ ಇನ್ನು ಒಂದೂವರೆ ವರ್ಷದಲ್ಲಿ ಅವರ ನಿವೃತ್ತಿ. ಆ ಕಿವಿ ಅವರ ಜೊತೆಗೇ ಶಿರಗುಪ್ಪಿಗೆ ಹೋಗುವುದಿತ್ತು. ಮುಂದೆ ನಮ್ಮ ಗತಿ ಏನು?

ಆ ಚಿಂತೆಯಲ್ಲಿ ನಾನೊಂದು ಯಂತ್ರ ಕಂಡುಹಿಡಿದೆ. ಇಡೀ ಒಂದು ವರ್ಷದ ಭಾನುವಾರಗಳನ್ನು ಅದಕ್ಕೆ ಸುರಿದೆ. ಮೋಟರು ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನು ಅಳೆದು, ರೋಗ ಯಾವುದೆಂದು ಯಂತ್ರವೇ ಹೇಳಬೇಕು. ಹಸಿರು ದೀಪ ಬಂದರೆ ಎಲ್ಲ ಸರಿ. ಹಳದಿ ಬಂದರೆ ಗ್ರೀಸ್ ಇಲ್ಲ. ಕೆಂಪು ಬಂದರೆ ಹಳಿಗಳ ನಡುವೆ ಏನೋ ಸಿಕ್ಕಿಕೊಂಡಿದೆ. ಇದನ್ನೆಲ್ಲ ಕೂಡಿಸಲು ಗಟ್ಟಿಮುಟ್ಟಾದ ಒಂದು ಪೆಟ್ಟಿಗೆ ಬೇಕಾಗಿತ್ತು. ಅಡುಗೆಮನೆಯಲ್ಲಿ ಸಿಕ್ಕಿತು.

"ಅಲ್ರೀ, ನನ್ನ ಅವಲಕ್ಕಿ ಡಬ್ಬಿ ಎಲ್ಲೈತಿ?" ಎಂದಳು ನನ್ನ ಹೆಂಡತಿ ಶಾಂತಾ.

"ಅದು ಈಗ ಡಬ್ಬಿ ಅಲ್ಲ ಶಾಂತಾ. ಸ್ವಯಂಚಾಲಿತ ದೋಷಪತ್ತೆ ಯಂತ್ರ!"

"ಅವಲಕ್ಕಿ ಇದ್ದಾಗ ನಾಕ್ ಮಂದಿಗರ ಉಪಯೋಗ ಆಗ್ತಿತ್ತು. ನಿಮ್ಮ ದೊಡ್ಡ ಸಾಹೇಬ್ರು ಒಪ್ಪಲಿಲ್ಲಂದ್ರ ತೊಳದು ವಾಪಸ್ ಕೊಡಬೇಕು ನೋಡ್ರಿ ಮತ್ತ!"

ದೊಡ್ಡ ಸಾಹೇಬರು ಖುದ್ದಾಗಿ ನೋಡಲು ಬರುವವರಿದ್ದರು! ಒಪ್ಪಿದರೆ ನನ್ನ ಯಂತ್ರ ಪ್ರಯೋಗಕ್ಕೆಂದು ಪಾಯಿಂಟಿನ ಪಕ್ಕ ಕೂರುತ್ತದೆ. ಒಪ್ಪದಿದ್ದರೆ ಒಂದು ವರ್ಷದ ಭಾನುವಾರಗಳೆಲ್ಲ ಗುಜರಿಗೆ. ಆ ವಾರ ನನಗೆ ಊಟ ರುಚಿಸಲಿಲ್ಲ. ಕೂತಲ್ಲಿ ನಿಂತಲ್ಲಿ ಭಾಷಣ ಅಭ್ಯಾಸ ಮಾಡಿದೆ. ಶೇವಿಂಗ್ ಮಾಡಿಕೊಳ್ಳುತ್ತ ಕನ್ನಡಿಗೆ "ಮಾನ್ಯರೇ" ಎಂದು ಕೈಮುಗಿದೆ.

ಅವರು ಬರುವ ದಿನವೇ ಖಂಡೇಪೂಜೆ ಬಂದಿತು. ಉಪಕರಣಗಳಿಗೆಲ್ಲ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆಯುವ ದಿನ. ಪ್ರತಿ ವರ್ಷ ಈರಪ್ಪ ಕಾಕಾ ಆಫೀಸಿನ ಮುಂದಿನ ಕಲ್ಲಿನ ಮೇಲೆ ಒಡೆಯುತ್ತಿದ್ದರು. ಈ ವರ್ಷ ಯಂತ್ರ ನನ್ನದು, ಕಾಯಿಯೂ ನನ್ನದೇ! ಪಾಯಿಂಟಿನ ಹತ್ತಿರವೇ ಹೋಗಿ ಹಳಿಗೂ ಚೆಂಡುಹೂವು ಏರಿಸಿದೆ.

"ಸಾಹೇಬ್ರ, ಹಳಿ ಮ್ಯಾಲೆ ಬ್ಯಾಡ್ರಿ. ಕಲ್ಲಿಗೆ ಒಡೀರಿ" ಎಂದರು ಕಾಕಾ.

"ಕಾಕಾ, ಇವತ್ತ ಹಳೀನ ನಮ್ಮ ದೇವರು!" ಎಂದು ಎರಡೂ ಕೈಯಿಂದ ಎತ್ತಿ ಅಪ್ಪಳಿಸಿದೆ. ಉತ್ಸಾಹ ತುಸು ಜಾಸ್ತಿಯಾಯಿತು. ಕಾಯಿ ಎರಡು ಹೋಳಾಗುವ ಬದಲು ಪಟಾಕಿಯಂತೆ ಸಿಡಿಯಿತು. ಕಾಕಾ ಚೂರುಗಳನ್ನೆಲ್ಲ ಆರಿಸಿ ಟಾವೆಲ್ಲಿನಲ್ಲಿ ಜೋಡಿಸಿ ನೋಡಿದರು.

"ಒಂದ್ ಚೂರು ಕಮ್ಮಿ ಬೀಳಾಕತ್ತೇತ್ರಿ."

"ನಾಯಿ ಒಯ್ದಿರಬೇಕು, ಬಿಡ್ರಿ" ಎಂದೆ. ಅಷ್ಟರಲ್ಲಿ ಸಾಹೇಬರ ಜೀಪು ಬಂದಿತು.

ನನ್ನ ಯೋಜನೆ ಸರಳವಾಗಿತ್ತು. ಮೊದಲು ಪಾಯಿಂಟನ್ನು ಹಾಗೆಯೇ ತಿರುಗಿಸುವುದು, ಹಸಿರು ದೀಪ. ಆಮೇಲೆ ಹಳಿಗಳ ನಡುವೆ ಪರೀಕ್ಷೆಯ ಕಬ್ಬಿಣದ ತುಂಡು ಇಡುವುದು, ಕೆಂಪು ದೀಪ. ಆಮೇಲೆ ಚಪ್ಪಾಳೆ. ಮುಂದಿನ ಪ್ಯಾಸೆಂಜರ್ ರೈಲು ಬರಲು ಇನ್ನೂ ಅರ್ಧ ತಾಸು ಇತ್ತು. "ಮಾನ್ಯರೇ" ಎಂದು ಶುರುಮಾಡಿ, ಸ್ಟೇಷನ್ ಮಾಸ್ತರರಿಗೆ ಫೋನಿನಲ್ಲಿ "ತಿರುಗಿಸ್ರಿ!" ಎಂದೆ.

ಮೋಟರು ಗುರ್ರೆಂದಿತು. ಹಳಿ ಸರಿಯಿತು. ದೀಪ ಹತ್ತಿತು.

ಕೆಂಪು!

ಕಬ್ಬಿಣದ ತುಂಡು ಇನ್ನೂ ನನ್ನ ಜೇಬಿನಲ್ಲಿತ್ತು! ಜೇಬು ಮುಟ್ಟಿ ನೋಡಿಕೊಂಡೆ. ಇತ್ತು.

"ಏನೋ ಸಿಕ್ಕಿಕೊಂಡಿದೆ ಅಂತ ಹೇಳ್ತಿದೆಯಲ್ಲ?" ಎಂದರು ಸಾಹೇಬರು.

"ಸುಳ್ಳು ಸಾರ್! ಸೂಕ್ಷ್ಮ ಯಂತ್ರ. ತಮ್ಮನ್ನು ನೋಡಿ ಗಾಬರಿಯಾಗಿದೆ."

ಈರಪ್ಪ ಕಾಕಾ ಕುಕ್ಕರಗಾಲಲ್ಲಿ ಕೂತು ಟಾವೆಲ್ಲು ಸರಿಸಿದರು. "ಆವಾಜ್ ಬ್ಯಾರೇನ ಐತ್ರಿ ಸಾಹೇಬ್ರ. ಒಳಗ ಏನರ..."

"ಕಾಕಾ! ಇವತ್ತ ನಿಮ್ಮ ಕಿವಿಗೆ ರಜಾ!" ಎಂದು ಬಾಯಿ ಮುಚ್ಚಿಸಿದೆ.

ಡಬ್ಬಿಯ ಮುಚ್ಚಳ ತೆಗೆದೆ. ಒಂದು ಸ್ಕ್ರೂ ತಿರುವಿದೆ. ಮತ್ತೆ ಕೆಂಪು. ಎರಡನೆಯ ಸ್ಕ್ರೂ ತಿರುವಿದೆ. ಮತ್ತೂ ಕೆಂಪು! ಮೈಯೆಲ್ಲ ಬೆವರು. ಒಂದು ವರ್ಷ ಸಾಕಿದ ಯಂತ್ರ ನಾಲ್ಕು ಜನರೆದುರು ನನ್ನ ಮರ್ಯಾದೆ ತೆಗೆಯುತ್ತಿದೆಯಲ್ಲ ಎಂದು ಅಳು ಬರುವಂತಾಯಿತು. ಕೊನೆಗೆ ಕೆಂಪು ದೀಪದ ವೈರನ್ನು ಕಿತ್ತು ಹಸಿರು ದೀಪಕ್ಕೆ ಕೂಡಿಸಿದೆ.

ಹಸಿರು! ಎಂಥ ಚೆಂದದ ಹಸಿರು!

"ನೋಡಿ ಮಾನ್ಯರೇ, ಪಾಯಿಂಟ್ ಸಂಪೂರ್ಣ ಆರೋಗ್ಯವಾಗಿದೆ!" ಎಂದು ಕೈಚಾಚಿದೆ. ಆದರೆ ಸಿಗ್ನಲ್ಲಿಗೆ ನನ್ನ ಡಬ್ಬಿಯ ಹಂಗಿಲ್ಲ. ಅದಕ್ಕೆ ಹಳಿ ಖರೇನೇ ಕೂರಬೇಕು. ಡಬ್ಬಿಯಲ್ಲಿ ಹಸಿರು, ಸಿಗ್ನಲ್ಲಿನಲ್ಲಿ ಕೆಂಪು. ಈ ಗದ್ದಲದಲ್ಲಿ ಅರ್ಧ ತಾಸು ಕಳೆದೇ ಹೋಗಿತ್ತು; ಪ್ಯಾಸೆಂಜರ್ ರೈಲು ಬಂದು ಸ್ಟೇಷನ್ನಿನ ಹೊರಗೆ ನಿಂತು ಸೀಟಿ ಹೊಡೆಯತೊಡಗಿತು. ಕಿಟಕಿಗಳಿಂದ ತಲೆಗಳು ಹೊರಬಂದವು.

"ಏನಾಗೇತ್ರಿ ಅಲ್ಲಿ?" ಎಂದು ಒಬ್ಬರು ಕೂಗಿದರು.

"ಹಳಿಗೆ ಹೂವು ಏರಿಸ್ಯಾರ! ಪೂಜಿ ನಡದಂಗ ಕಾಣ್ತದ!" ಎಂದು ಇನ್ನೊಬ್ಬರು ವಿವರಿಸಿದರು.

ಮಾಸ್ತರರು ಫೋನಿನಲ್ಲಿ, "ಲಗೂ ಮಾಡ್ರಿ ಮಾರಾಯ್ರ, ಗಾಡಿ ನಿಂತೇತಿ!" ಎನ್ನುತ್ತಿದ್ದರು. ಆಗ ಈರಪ್ಪ ಕಾಕಾ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಹಳಿಯನ್ನು ವಾಪಸ್ ಸರಿಸಲು ಮಾಸ್ತರರಿಗೆ ಫೋನಿನಲ್ಲಿ ಹೇಳಿ, ಮೋಟರು ನಿಂತ ಮೇಲೆ ಬಗ್ಗಿ, ಎರಡು ಹಳಿಗಳ ಸಂದಿಯಿಂದ ಚೆಂಡುಹೂವಿನ ಎಸಳು ಮೆತ್ತಿದ ವಸ್ತುವೊಂದನ್ನು ಹೊರತೆಗೆದರು. ಅಂಗಿಗೆ ಒರೆಸಿ ಅಂಗೈ ಮೇಲಿಟ್ಟು ತೋರಿಸಿದರು.

ಕಾಯಿಯ ಚೂರು! ಕರಟ ಸಮೇತ!

"ನಾಯಿ ಒಯ್ದಿಲ್ರಿ" ಎಂದರು ಕಾಕಾ ಮೆಲ್ಲಗೆ. "ಡಬ್ಬಿ ಪಾಪ ಮೊದಲಿಂದನೂ ಖರೇನ ಹೇಳಾಕತ್ತಿತ್ತು. ನೀವ ಕೇಳಲಿಲ್ಲ."

ಹಳಿ ಕೂತಿತು. ಸಿಗ್ನಲ್ ಹಸಿರಾಯಿತು. ರೈಲು ನನ್ನ ಮುಂದೆ ಹಾದುಹೋಗುವಾಗ ಪ್ರತಿ ಕಿಟಕಿಯೂ ನನ್ನನ್ನು ನೋಡಿ ಕೈಮುಗಿಯಿತು. ನಾಚಿಕೆಯಿಂದ ನಾನು ಡಬ್ಬಿಯ ಮುಚ್ಚಳದಿಂದ ಮುಖ ಮರೆಮಾಡಿಕೊಂಡೆ. ಸಾಹೇಬರು ಕಾಕಾ ಕೊಟ್ಟ ಪ್ರಸಾದದ ಕೊಬ್ಬರಿ ಅಗಿಯುತ್ತ ಜೀಪು ಹತ್ತಿದರು.

ಎಂಟು ದಿನ ಬಿಟ್ಟು ಕಾಗದ ಬಂದಿತು. ನಿಂತಲ್ಲೇ ಒಡೆದೆ. ಯಂತ್ರ ಪಾಸಾಗಿತ್ತು! ಮೊದಲ ಸಲಕ್ಕೇ ದೋಷವನ್ನು ಸರಿಯಾಗಿ ಪತ್ತೆಹಚ್ಚಿದೆ, ಪಾಯಿಂಟಿನಲ್ಲಿ ಪ್ರಯೋಗಕ್ಕೆ ಕೂರಿಸಬಹುದು ಎಂದಿತ್ತು. ನಾನು ಮನೆಯಲ್ಲಿ ಕುಣಿದಾಡಿಬಿಟ್ಟೆ! ಶಾಂತಾ ಕಾಗದ ಕಸಿದುಕೊಂಡು ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದಳು:

"ಷರತ್ತು: ಕೆಂಪು ದೀಪ ಹತ್ತಿದಾಗ ಯಂತ್ರವನ್ನು ತಯಾರಿಸಿದವರು ಅದನ್ನು ಮುಟ್ಟತಕ್ಕದ್ದಲ್ಲ."

ಯಂತ್ರಕ್ಕೆ ಇಲಾಖೆಯಿಂದ ಹೊಸ ಪೆಟ್ಟಿಗೆ ಬಂದಿತು. ಅವಲಕ್ಕಿ ಡಬ್ಬಿ ಮೂರು ತೂತುಗಳೊಡನೆ ಮನೆಗೆ ಮರಳಿತು. ಅವಲಕ್ಕಿ ಸೋರುತ್ತದೆಂದು ಶಾಂತಾ ಅದರಲ್ಲಿ ಬೆಳ್ಳುಳ್ಳಿ ಇಟ್ಟಿದ್ದಾಳೆ. ಷರತ್ತಿನ ಸಾಲನ್ನು ಮಾತ್ರ ಕತ್ತರಿಸಿ ಮಿಕ್ಸರಿನ ಮೇಲೆ ಅಂಟಿಸಿದ್ದಾಳೆ. ಈಗ ಮಿಕ್ಸರ್ ತಕರಾರು ಮಾಡಿದರೆ ಫೋನ್ ಶಿರಗುಪ್ಪಿಗೆ ಹೋಗುತ್ತದೆ. ನಿವೃತ್ತ ಈರಪ್ಪ ಕಾಕಾ ಅದರ ಸಪ್ಪಳವನ್ನು ಫೋನಿನಲ್ಲೇ ಕೇಳಿ ರೋಗ ಹೇಳುತ್ತಾರೆ. ರಿಸೀವರನ್ನು ಮಿಕ್ಸರಿನ ಹತ್ತಿರ ಹಿಡಿದು ನಿಲ್ಲುವ ಕೆಲಸ ನನ್ನದು.