ಭಾಯಿಯನ್ನು ಕೇಳಿ ಎನ್ನುವ ವೆಬ್‌ಸೈಟ್

ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವರನ್ನು ಲೋಕ ಹೊಗಳುತ್ತದೆ. ನನಗೆ ಆ ಹೊಗಳಿಕೆಯಲ್ಲಿ ನಂಬಿಕೆಯಿಲ್ಲ. ಕಂಪ್ಯೂಟರ್ ಮಾಡುವುದೂ ಅದನ್ನೇ, ಅದನ್ನು ದಿನಾ ಬೈಯುವವರೇ ಹೆಚ್ಚು. ರೋಣದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ನಾನು, ಆಗಿನ್ನೂ ನಮ್ಮ ಕಡೆ ಹೊಸದಾಗಿದ್ದ ವೆಬ್‌ಸೈಟ್ ಕಟ್ಟುವ ಕೆಲಸವನ್ನೂ ಹಚ್ಚಿಕೊಂಡಿದ್ದೆ. ಮೊದಲ ಗಿರಾಕಿಗಳು ಗಜೇಂದ್ರಗಡದ ಸೀರೆ ವ್ಯಾಪಾರಿಗಳು, ಅಣ್ಣ ಮೌಲಾಸಾಬರು ಮತ್ತು ತಮ್ಮ ದಾವಲಸಾಬರು.

ಸೈಟೇನೋ ಆಯಿತು. ಆದರೆ ಪ್ರತಿ ಸೀರೆಯ ಪುಟದ ವಿಳಾಸದಲ್ಲೂ ಪ್ರಶ್ನೆಚಿಹ್ನೆ, ಸಮಚಿಹ್ನೆ, ಅಂಕಿಗಳ ಮೆರವಣಿಗೆ. ಮೌಲಾಸಾಬರು ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು. “ಸರ, ವಿಳಾಸ ಅಂದ್ರ ಫೋನಿನ್ಯಾಗ ಬಾಯಿಲೆ ಹೇಳಾಕ ಬರಬೇಕ್ರಿ. ಇದನ್ನ ಹೇಳಿ ಮುಗಸೂದ್ರೊಳಗ ಗಿರಾಕಿ ಬ್ಯಾರೆ ಅಂಗಡಿ ಹೊಕ್ಕಿರ್ತಾನ.” ಖರೇ ಮಾತು. ಸರ್ವರಿನ ಒಂದು ಕಡತದಲ್ಲಿ ನಿಯಮ ಬರೆದಿಟ್ಟರೆ ಹೊರಗೆ ಚಿಕ್ಕ ಹೆಸರು ಕಾಣುತ್ತದೆ, ಒಳಗೆ ಉದ್ದನೆಯದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಬರೆದೆ. ಅದೇ ಹುರುಪಿನಲ್ಲಿ, ಅಂಗಡಿಯ ಹೆಸರಿಗೆ ಮುಂಚೆ ಅವರವರ ಹೆಸರು, ನಡುವೆ ಚುಕ್ಕೆ ಇಟ್ಟು ಇಬ್ಬರಿಗೂ ಒಂದೊಂದು ಸ್ವಂತ ವಿಳಾಸ ಮಾಡಿಕೊಡುತ್ತೇನೆಂದೆ. ಯಾರೂ ಕೇಳಿರಲಿಲ್ಲ.

ಆ ಅಂಗಡಿಯಲ್ಲೊಂದು ಪದ್ಧತಿ. ಅಣ್ಣನ ಮುಂದೆ ದಾವಲಸಾಬರು ದರ ಹೇಳುತ್ತಿರಲಿಲ್ಲ. ಗಲ್ಲಾ ತಮ್ಮನಿಗೆ ಒಪ್ಪಿಸಿದ ಮೇಲೆ ಅಣ್ಣನೂ ಹೇಳುತ್ತಿರಲಿಲ್ಲ. ವಿಳಾಸದ ವಿಷಯದಲ್ಲೂ ಹಾಗೇ ಆಯಿತು. “ನಂದೇನೈತ್ರಿ, ನನ್ನ ಹೆಸರಿಗೆ ಬಂದವ್ರನ್ನ ತಮ್ಮನ ಕಡೆ ಕಳಸ್ರಿ,” ಎಂದರು ಮೌಲಾಸಾಬರು. ನನ್ನನ್ನು ಬಸ್ಸಿಗೆ ಬಿಡಲು ಬಂದ ದಾವಲಸಾಬರು ಮೆಲ್ಲಗೆ, “ಭಾಯಿ ಇರೂವಾಗ ನಾ ಮುಂದ ನಿಂತ್ರ ಚಲೋ ಕಾಣೂದಿಲ್ರಿ. ನನ್ನ ಕಡೆ ಬಂದವ್ರನ್ನ ಭಾಯಿ ಕಡೆ ಹಚ್ಚಿಬಿಡ್ರಿ,” ಎಂದರು. ಇಬ್ಬರ ಮಾತನ್ನೂ ಚಾಚೂ ತಪ್ಪದೆ ನಿಯಮ ಮಾಡಿದೆ.

ನರಗುಂದದ ದೊಡ್ಡ ಬಟ್ಟೆ ವ್ಯಾಪಾರಿಯೊಬ್ಬರು, ಸೀರೆ ಕಂಪ್ಯೂಟರಿನಲ್ಲಿ ನೋಡಿ ಹಿಡಿಸಿದರೆ ದೀಪಾವಳಿಯ ಮಾಲೆಲ್ಲ ಇವರಲ್ಲೇ ಎಂದಿದ್ದರು. ಇವರು ಅದನ್ನೇ ನಂಬಿ, ಮಗ್ಗದವರಿಗೆ ಮಾತು ಕೊಟ್ಟು ಅಂಗಡಿ ತುಂಬ ನೇಯಿಸಿ ಇಟ್ಟಿದ್ದರು. ವ್ಯಾಪಾರಿ ಮೌಲಾಸಾಬರ ವಿಳಾಸ ಒತ್ತಿದರೆ ಅದು ತಮ್ಮನ ಕಡೆ ಕಳಿಸಿತು, ತಮ್ಮನದು ಅಣ್ಣನ ಕಡೆ. ಸುತ್ತಿ ಸುತ್ತಿ ಕಂಪ್ಯೂಟರ್ ಕೈಚೆಲ್ಲಿತು. ಅವರು ಸಿಟ್ಟಿನಲ್ಲಿ ಬಸ್ಸು ಹತ್ತಿ ಗಜೇಂದ್ರಗಡಕ್ಕೇ ಹೊರಟಿದ್ದಾರೆಂದು ಮೌಲಾಸಾಬರ ಫೋನು ಬಂತು. ಕ್ಲಾಸು ಅರ್ಧಕ್ಕೇ ಬಿಟ್ಟು ನಾನೂ ಓಡಿದೆ.

ಹೋಗಿ ನೋಡಿದರೆ ವ್ಯಾಪಾರಿ ಗಾದಿಯ ಮೇಲೆ ಕೂತು ಸೆರಗೊಂದನ್ನು ಹಿಡಿದು, “ಇದಕ್ಕೆಷ್ಟ್ರಿ?” ಎನ್ನುತ್ತಿದ್ದರು.

“ತಮ್ಮನ್ನ ಕೇಳ್ರಿ,” ಎಂದರು ಅಣ್ಣ.

“ಭಾಯಿ ಹೇಳ್ತಾರ್ರಿ,” ಎಂದರು ತಮ್ಮ.

ವ್ಯಾಪಾರಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ ನಗತೊಡಗಿದರು. “ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ ಬಿಡ್ರಿ, ಇದ್ದದ್ದನ್ನ ಹೇಳೇತಿ. ಇಷ್ಟ ಮರ್ಯಾದಿ ಇರೂ ಮನಿ ಮಾಲಿನೊಳಗ ಮೋಸ ಇರೂದಿಲ್ಲ. ಗಂಟು ಕಟ್ರಿ.” ದರವನ್ನೂ ಅವರೇ ಹೇಳಿದರು.

ಹೊರಡುವಾಗ ಅವರು ನನ್ನ ಕಡೆ ತಿರುಗಿ, “ನಮ್ಮ ಅಂಗಡಿಗೂ ಒಂದ ಮಾಡಿಕೊಡ್ತೀರೇನ್ರಿ?” ಎಂದರು. “ಮನ್ಯಾಗ ಕೇಳಿ ಹೇಳ್ತೀನ್ರಿ,” ಎಂದೆ. ಹೆಂಡತಿಯನ್ನು ಕೇಳಿದೆ. “ನನಗೇನ ಕೇಳ್ತೀರಿ, ನಿಮಗ ಹ್ಯಾಂಗ ತಿಳೀತೈತಿ ಹಂಗ ಮಾಡ್ರಿ,” ಎಂದಳು. ನನಗೆ ಹೇಗೆ ತಿಳಿಯುತ್ತದೆಂದು ಮತ್ತೆ ಅವಳನ್ನೇ ಕೇಳಿದೆ. ನರಗುಂದದ ಸೈಟ್ ಇನ್ನೂ ಆಗಿಲ್ಲ.