ಪೀಪಿ ಪಳಗಿಸುವಾಗ ಬಾಯಿ ತೆರೆಯಬಾರದು

ಸಂಗೀತ ಕಲಿತರೆ ಮನಸ್ಸು ಹಗುರಾಗುತ್ತದೆ ಎನ್ನುವವರು ಗುರುವಿನ ಹತ್ತಿರ ಕಲಿತವರಿರಬೇಕು. ನನ್ನ ಹಾಗೆ ಮೊಬೈಲ್ ನೋಡಿಕೊಂಡು ನಾದಸ್ವರ ಕಲಿಯುವವನಿಗೆ ಮೊದಲು ಸಿಗುವುದು ದವಡೆ ನೋವು. ಆ ಉದ್ದದ ಕೊಳವೆಯದೇನೂ ತಕರಾರಿಲ್ಲ. ತಕರಾರೆಲ್ಲ ಅದರ ತುದಿಗೆ ಸಿಕ್ಕಿಸಿ ಊದುವ ಪೀಪಿಯದು. ಹೆಬ್ಬೆರಳಿನಷ್ಟೂ ಇಲ್ಲದ ಹುಲ್ಲಿನ ಚೂರು. ಹೊಸದರಲ್ಲಿ ಹೊಸ ಅಳಿಯನ ಹಾಗೆ ಬಿಗಿದುಕೊಂಡಿರುತ್ತದೆ. ಎಂಜಲಲ್ಲಿ ನೆನೆಸಬೇಕು, ತುಟಿಯಲ್ಲಿ ಒತ್ತಬೇಕು, ಬ್ಲೇಡಿನಲ್ಲಿ ಹೆರೆಯಬೇಕು, ಮತ್ತೆ ನೆನೆಸಬೇಕು. ಒಂದೆಳೆ ಹೆಚ್ಚು ಹೆರೆದರೆ ಕಸದ ಬುಟ್ಟಿಗೇ. ನಾನು ಮೊದಲ ಸಲ ಊದಿದಾಗ ಅಮ್ಮ ಅಡುಗೆಮನೆಯಿಂದಲೇ, ಯಾರ ಮನೆ ಮೇಕೆ ಮರಿ ಹಾಕ್ತಾ ಐತೆ ಅಂತ ವಿಚಾರಿಸಿದ್ದಳು.

ಹೀಗಾಗಿ ಪೀಪಿಯನ್ನು ಕೆನ್ನೆಯೊಳಗೆ ಇಟ್ಟುಕೊಂಡೇ ಓಡಾಡತೊಡಗಿದೆ. ಚಾಮರಾಜನಗರದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಅಲ್ಲಿ ನನಗಿಂತ ಮೆಷಿನ್ನೇ ಹೆಚ್ಚು ಮಾತಾಡುವುದರಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಸವಿತಾಳ ವಿಷಯದಲ್ಲಿ. ಹಂಗಳದವಳು, ಪಕ್ಕದ ಬಟ್ಟೆ ಅಂಗಡಿಯಲ್ಲಿ ಕೆಲಸ. ಸಂಜೆ ಗುಂಡ್ಲುಪೇಟೆವರೆಗೂ ನನ್ನ ಜೊತೆಗೇ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮಿಬ್ಬರ ನಡುವೆ ಏನೋ ಇದೆ ಎಂದು ಕಂಡಕ್ಟರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಬೇಕಾದ ನಾನು ಹೇಳಿರಲಿಲ್ಲ, ಅಷ್ಟೆ.

ಒಂದು ಸಂಜೆ ಗುಂಡ್ಲುಪೇಟೆಯಲ್ಲಿ ಇಳಿದು ಹಂಗಳದ ಬಸ್ಸಿಗೆ ಕಾಯುವಾಗ, ಭಾನುವಾರ ತನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಫುಟ್‌ಬೋರ್ಡ್ ಮೇಲೆ ನಿಂತು ನನ್ನ ಕಡೆ ತಿರುಗಿ, "ಒಪ್ಕಳನಾ, ಬ್ಯಾಡ ಅನ್ನನಾ? ನೀನೇ ಯೋಳು" ಎಂದಳು.

ಕೆನ್ನೆಯಲ್ಲಿ ಪೀಪಿ ಆಗಷ್ಟೇ ಹದಕ್ಕೆ ಬರುತ್ತಿತ್ತು. ಈ ಹೊತ್ತಿನಲ್ಲಿ ಗಾಳಿಗೆ ತೆಗೆದರೆ ಸೀಳಿಹೋಗುತ್ತದೆ ಎಂದು ವಿಡಿಯೋದವನು ಹೆದರಿಸಿದ್ದ. ಒಂದು ನಿಮಿಷ ಎಂದು ಬೆರಳೆತ್ತಿದೆ. ಬಸ್ಸಿಗೆ ಅಷ್ಟು ತಾಳ್ಮೆಯಿರಲಿಲ್ಲ.

ನಾನು ಮನೆ ಸೇರುವಷ್ಟರಲ್ಲಿ ಅವಳೇ ಫೋನ್ ಮಾಡಿದಳು.

"ಈಗ ಬಾಯಲ್ಲಿ ಏನೈತೆ?"

"ಏನೂ ಇಲ್ಲ."

"ಅಂಗಾರೆ ಯೋಳು."

ಬಾಯಿ ನಿಜಕ್ಕೂ ಖಾಲಿಯಿತ್ತು. ಅಂಗೈಯಲ್ಲಿದ್ದ ಪೀಪಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ, "ಪೀಪಿ ಚೆನ್ನಾಗಿ ಹದ ಆಗ್ಬುಡ್ತು ಕಣಮ್ಮಿ" ಎಂದೆ.

"ಸರಿ ಬುಡು, ಅದುನ್ನೇ ಕಟ್ಕೋ" ಎಂದು ಫೋನ್ ಇಟ್ಟಳು.

ಭಾನುವಾರ ಗಂಡು ಒಪ್ಪಿದನಂತೆ, ಅವಳೂ ಹೂಂ ಅಂದಳಂತೆ. ಬಟ್ಟೆ ಅಂಗಡಿಯ ಕೆಲಸವನ್ನೂ ಬಿಟ್ಟಳು. ಕಂಡಕ್ಟರ್ ನನಗೊಂದೇ ಟಿಕೆಟ್ ಹರಿದುಕೊಟ್ಟು ಮುಖ ನೋಡದೆ ಮುಂದೆ ಹೋಗುತ್ತಾನೆ. ಅಂಗಡಿಯಲ್ಲಿ ಯಾರಾದರೂ ಕೇಳಿದರೆ, ಎಲ್ಲ ಆ ಪೀಪಿಯಿಂದಲೇ ಕೆಟ್ಟಿತು ಎನ್ನುತ್ತೇನೆ. ಅದು ಎದುರು ಮಾತಾಡುವುದಿಲ್ಲ, ಪಾಪ. ನನ್ನ ಹಾಗೆಯೇ ಅದು. ಬೇರೆ ಯಾರಾದರೂ ಊದಬೇಕು.